ಚಿನ್ನ ಸೋಸಿದ ಊರಿನಲ್ಲಿ ಇಂಗಾಲದ ಲೆಕ್ಕ

ಬಂಗಾರಪೇಟೆಗೆ ಆ ಹೆಸರು ಬಂದದ್ದು ಪಕ್ಕದ ಬಂಗಾರದ ಗಣಿಗಳಿಂದ ಎಂದು ತಿಳಿದವರೇ ಹೆಚ್ಚು. ನಿಜ ಸಂಗತಿ ಬೇರೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆ. ಜನರ ನಾಲಗೆ ಅದನ್ನು ಬಂಗಾರಪೇಟೆ ಮಾಡಿತು. ಊರಿಗೆ ಒಪ್ಪುವ ಹೆಸರೇ ಆಯಿತೆನ್ನಬೇಕು. ಮದ್ರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲಿ ರೈಲು ಬಂದಿತ್ತು. ಮುಂದೆ 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗಳಿಗೆ ಕೈಹಾಕಿದಾಗ, ಇಂಗ್ಲೆಂಡಿನಿಂದ ಬಂದ ಯಂತ್ರಗಳು ಇಳಿಯುತ್ತಿದ್ದುದು ಈ ನಿಲ್ದಾಣದಲ್ಲಿಯೇ. ಅಲ್ಲಿಂದ ಮುಂದೆ ಎತ್ತಿನ ಗಾಡಿ. 1894ರಲ್ಲಿ ಮಾರಿಕುಪ್ಪಂವರೆಗೆ ಕವಲು ರೈಲು ಮಾರ್ಗ ಸಿದ್ಧವಾಯಿತು.

ಈ ಕವಲು ಮಾರ್ಗದಲ್ಲಿ ಚಿನ್ನ ಹೊರಕ್ಕೆ ಹೋದ ಕಥೆ ಎಲ್ಲರಿಗೂ ಗೊತ್ತು. ಒಳಕ್ಕೆ ಏನು ಬಂದಿತು ಎಂದು ಕೇಳುವವರು ಕಡಿಮೆ. ಶಾಫ್ಟಿನಿಂದ ಅದಿರನ್ನು ಮೇಲೆತ್ತಲು, ತಳದಲ್ಲಿ ನಿಂತ ನೀರನ್ನು ಹೊರಹಾಕಲು, ಕಲ್ಲು ಕುಟ್ಟುವ ಗಿರಣಿಗಳನ್ನು ಓಡಿಸಲು ಉಗಿಯಂತ್ರ ಬೇಕಾಗಿತ್ತು. ಉಗಿಗೆ ಸೌದೆ, ಇಲ್ಲವೇ ಕಲ್ಲಿದ್ದಲು. ಸುತ್ತಲ ಕಾಡಿನ ಮರ ಬಾಯ್ಲರಿನ ಒಲೆಗೆ ಹೋಯಿತು. ದೂರದಿಂದ ಕಲ್ಲಿದ್ದಲು ರೈಲಿನಲ್ಲಿ ಬಂದಿತು. ಒಂದು ತೊಲ ಚಿನ್ನಕ್ಕೆ ಎಷ್ಟು ಹೊಗೆ ಎಂಬ ಲೆಕ್ಕವನ್ನು ಆಗ ಯಾರೂ ಇಟ್ಟಿರಲಿಲ್ಲ. ಆದರೆ ಇಂಧನದ ಖರ್ಚಿನ ಲೆಕ್ಕವನ್ನು ಕಂಪನಿಗಳು ಬಹಳ ಚೆನ್ನಾಗಿ ಇಟ್ಟಿದ್ದವು. ಆ ಲೆಕ್ಕದಿಂದಲೇ ಶಿವನಸಮುದ್ರದ ಯೋಜನೆ ಹುಟ್ಟಿತು. ಕಾವೇರಿಯ ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರಕ್ಕೆ ತಂತಿ ಎಳೆದು, 1902ರ ಜೂನ್ 30ರಂದು ಕೋಲಾರದ ಗಣಿಗಳಿಗೆ ವಿದ್ಯುತ್ ಕೊಡಲಾಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬರುವುದಕ್ಕೆ ಇನ್ನೂ ಮೂರು ವರ್ಷ ಇತ್ತು.

ಸೌದೆ, ಕಲ್ಲಿದ್ದಲು ಉರಿದಾಗ ಹೊರಬೀಳುವ ಇಂಗಾಲದ ಡೈ ಆಕ್ಸೈಡ್ ಇಂದು ಜಗತ್ತಿನ ದೊಡ್ಡ ತಲೆನೋವು. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇದ್ದ ಈ ಅನಿಲ ಈಗ 420ನ್ನು ದಾಟಿದೆ. ಭೂಮಿಯ ಶಾಖ ಹೆಚ್ಚುತ್ತಿರುವುದಕ್ಕೆ ಮುಖ್ಯ ಕಾರಣ ಇದೇ. ಹೊಗೆಯಿಂದ, ಸಾಧ್ಯವಾದರೆ ಗಾಳಿಯಿಂದಲೇ, ಈ ಅನಿಲವನ್ನು ಸೋಸಿ ತೆಗೆಯುವ ಹರಳುಗಳನ್ನು ರಸಾಯನ ವಿಜ್ಞಾನಿಗಳು ಮಾಡಿದ್ದಾರೆ. ಮೈತುಂಬ ತೂತುಗಳಿರುವ ಹರಳುಗಳು ಅವು. 2025ರ ಅಕ್ಟೋಬರ್ 8ರಂದು ಪ್ರಕಟವಾದ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕ ಈ ಬಗೆಯ ಹರಳುಗಳನ್ನು ಮೊದಲು ಕಟ್ಟಿದ ಮೂವರಿಗೆ ಸಂದಿತು: ಮೆಲ್ಬರ್ನ್‌ನ ರಿಚರ್ಡ್ ರಾಬ್ಸನ್, ಕ್ಯೋಟೋದ ಸುಸುಮು ಕಿಟಗಾವಾ, ಅಮೆರಿಕದ ಬರ್ಕ್‌ಲಿಯ ಒಮರ್ ಯಾಘಿ.

ಇದಕ್ಕೂ ಕೋಲಾರಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಅಪಾರ ರಾಶಿಯೊಳಗೆ ಕಣದಷ್ಟಿರುವ ವಸ್ತುವನ್ನು ಬೇರ್ಪಡಿಸುವ ವಿದ್ಯೆಯನ್ನು ನೂರಿಪ್ಪತ್ತು ವರ್ಷ ಒಂದೇ ಕಡೆ ಕುಳಿತು ಮಾಡಿದ ಊರು ಈ ನಾಡಿನಲ್ಲಿ ಕೆಜಿಎಫ್ ಒಂದೇ. ಆ ವಿದ್ಯೆ ಎಲ್ಲಿ ಲಾಭ ತಂದಿತು, ಎಲ್ಲಿ ಸೋತಿತು, ಸೋತ ಮೇಲೆ ಊರಿನಲ್ಲಿ ಏನು ಉಳಿಯಿತು ಎಂಬುದು ಅಲ್ಲಿ ಕಣ್ಣಿಗೆ ಕಾಣುವಂತಿದೆ. ಇಂಗಾಲವನ್ನು ಸೋಸಲು ಹೊರಟವರೂ ಎದುರಿಸಬೇಕಾದ ಪ್ರಶ್ನೆಗಳು ಅವೇ.

ಹಿಡಿಯುವುದು, ಬಿಡಿಸುವುದು

ಕೋಲಾರದ ಗಣಿಗಳು ಮುಚ್ಚುವವರೆಗೆ ಸುಮಾರು 5.1 ಕೋಟಿ ಟನ್ ಅದಿರಿನಿಂದ ಸುಮಾರು 800 ಟನ್ ಚಿನ್ನ ತೆಗೆದವು. ಭಾಗಿಸಿ ನೋಡಿದರೆ ಒಂದು ಟನ್ ಕಲ್ಲಿಗೆ 16 ಗ್ರಾಂ. ಇದು ಸರಾಸರಿ. ಆರಂಭದ ವರ್ಷಗಳಲ್ಲಿ ಟನ್ನಿಗೆ 40 ಗ್ರಾಂ ಮೀರಿ ಸಿಕ್ಕಿದ್ದುಂಟು. ಕೊನೆಗಾಲದಲ್ಲಿ ಮೂರೋ ನಾಲ್ಕೋ ಗ್ರಾಂ. ಒಂದು ಎತ್ತಿನ ಗಾಡಿಯ ತುಂಬ ಕಲ್ಲಿನಲ್ಲಿ ಒಂದು ಉಂಗುರಕ್ಕಾಗುವಷ್ಟು ಚಿನ್ನವೂ ಕಣ್ಣಿಗೆ ಕಾಣದಷ್ಟು ನುಣ್ಣಗೆ ಚೆದುರಿರುತ್ತದೆ.

ಅದನ್ನು ಹಿಡಿಯಲು ಮೊದಲು ಬಳಸಿದ್ದು ಪಾದರಸ. ಬೆಣಚುಕಲ್ಲನ್ನು ಗಿರಣಿಯಲ್ಲಿ ಕುಟ್ಟಿ ಪುಡಿ ಮಾಡಿ, ನೀರಿನೊಂದಿಗೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುವುದು. ಚಿನ್ನ ಪಾದರಸಕ್ಕೆ ಅಂಟುತ್ತದೆ, ಕಲ್ಲಿನ ಪುಡಿ ಹರಿದುಹೋಗುತ್ತದೆ. ಆಮೇಲೆ ಆ ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಆದರೆ ಬಹಳ ನುಣುಪಾದ ಚಿನ್ನದ ಕಣಗಳು ಈ ಬಲೆಗೆ ಬೀಳದೆ ಕೆಸರಿನೊಂದಿಗೆ ಹೋಗಿಬಿಡುತ್ತಿದ್ದವು. 1887ರಲ್ಲಿ ಗ್ಲಾಸ್ಗೋದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ಒಂದೆರಡು ದಶಕಗಳಲ್ಲಿ ಅದು ಜಗತ್ತಿನ ಚಿನ್ನದ ಗಣಿಗಳನ್ನೆಲ್ಲ ಆವರಿಸಿತು, ಕೋಲಾರಕ್ಕೂ ಬಂದಿತು.

ಸೈನೈಡ್ ಎಂದರೆ ವಿಷ ಎಂದಷ್ಟೇ ನಮಗೆ ಗೊತ್ತು. ರಸಾಯನ ವಿಜ್ಞಾನಿಯ ಕಣ್ಣಿಗೆ ಅದು ಒಂದು ಇಂಗಾಲದ ಪರಮಾಣು, ಒಂದು ಸಾರಜನಕದ ಪರಮಾಣು ಬಿಗಿಯಾಗಿ ಕೈಹಿಡಿದ ಪುಟ್ಟ ಜೋಡಿ. ಲೋಹದ ಪರಮಾಣು ಕಂಡರೆ ಹೋಗಿ ಹಿಡಿದುಕೊಳ್ಳುವುದು ಅದರ ಸ್ವಭಾವ. ಯಾವ ಆಮ್ಲಕ್ಕೂ ಸುಲಭವಾಗಿ ಜಗ್ಗದ ಚಿನ್ನ, ಗಾಳಿಯಾಡುವ ತೆಳು ಸೈನೈಡ್ ನೀರಿನಲ್ಲಿ ಕರಗಿಬಿಡುತ್ತದೆ. ಕರಗಿದ್ದನ್ನು ಮತ್ತೆ ಪಡೆಯಲು ಆ ನೀರಿಗೆ ಸತುವನ್ನು ಹಾಕುತ್ತಾರೆ. ಮೊದಲು ಸತುವಿನ ಚೂರು, ಆಮೇಲೆ ಸತುವಿನ ಪುಡಿ ಬಳಕೆಗೆ ಬಂದಿತು. ಸತು ಕರಗಿ, ಚಿನ್ನ ಕೆಳಗೆ ಬೀಳುತ್ತದೆ.

ಈ ಸೈನೈಡ್ ತೊಟ್ಟಿಗಳಿಗೆ ಒಬ್ಬ ಶತ್ರು ಇದ್ದ. ಅದು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್. ನೀರಿನಲ್ಲಿ ಕರಗಿ ಆಮ್ಲವಾಗುವ ಈ ಅನಿಲ, ಸೈನೈಡನ್ನು ವಿಷಾನಿಲವಾಗಿ ಮೇಲೆಬ್ಬಿಸುತ್ತದೆ. ಆಗ ಸೈನೈಡೂ ನಷ್ಟ, ಕೆಲಸಗಾರನ ಪ್ರಾಣಕ್ಕೂ ಸಂಚಕಾರ. ಅದಕ್ಕಾಗಿ ಜಗತ್ತಿನ ಎಲ್ಲ ಸೈನೈಡ್ ಗಿರಣಿಗಳಲ್ಲೂ ಸುಣ್ಣ ಬೆರೆಸುವುದು ಪದ್ಧತಿ. ಸುಣ್ಣ ಈ ಅನಿಲವನ್ನು ನುಂಗಿಕೊಳ್ಳುತ್ತದೆ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿ, ನೀರು ಹಾಲಿನಂತೆ ಬೆಳ್ಳಗಾದುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗೋಡೆಗೆ ಬಳಿದ ಹಸಿ ಸುಣ್ಣ ದಿನ ಕಳೆದಂತೆ ಗಟ್ಟಿಯಾಗುವುದೂ ಗಾಳಿಯ ಇದೇ ಅನಿಲವನ್ನು ಕುಡಿದು.

ಹಾಗಿದ್ದರೆ ಹರಳು ಏಕೆ, ಸುಣ್ಣವೇ ಸಾಲದೇ? ಹಿಡಿಯುವುದಕ್ಕೆ ಸಾಕು. ಆದರೆ ಹಿಡಿದದ್ದನ್ನು ಬಿಡಿಸಿ ಸುಣ್ಣವನ್ನು ಮತ್ತೆ ಬಳಸಬೇಕಾದರೆ ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿಗೆ ಸುಡಬೇಕು. ಅದಕ್ಕೆ ಮತ್ತೆ ಕಲ್ಲಿದ್ದಲು, ಮತ್ತೆ ಹೊಗೆ! ವಿಷಾನಿಲ ತುಂಬಿದ ಗಣಿಗಳಿಗೆ ಇಳಿಯುವ ರಕ್ಷಣಾ ದಳದವರು ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಉಪಕರಣದಲ್ಲೂ ಇದೇ ಬಗೆಯ ಕ್ಷಾರ ಇರುತ್ತಿತ್ತು. ಇಂಗ್ಲೆಂಡಿನ ಹೆನ್ರಿ ಫ್ಲೂಸ್ 1879ರಲ್ಲಿ ರೂಪಿಸಿದ ಉಪಕರಣದಲ್ಲಿ ಮನುಷ್ಯ ಬಿಟ್ಟ ಉಸಿರು ಕ್ಷಾರದ ಮೂಲಕ ಹಾದು, ಇಂಗಾಲದ ಡೈ ಆಕ್ಸೈಡ್ ಕಳೆದುಕೊಂಡು, ಒಂದಿಷ್ಟು ಆಮ್ಲಜನಕ ಬೆರೆತು ಮತ್ತೆ ಮೂಗಿಗೆ ಬರುತ್ತಿತ್ತು. ಒಂದೆರಡು ಗಂಟೆಯ ಬಳಕೆಯ ನಂತರ ಕ್ಷಾರವನ್ನು ಎಸೆದರಾಯಿತು. ಒಬ್ಬ ಮನುಷ್ಯನ ಪ್ರಾಣ ಉಳಿಸಲು ಅದು ದುಬಾರಿಯಲ್ಲ. ಒಂದು ವಿದ್ಯುದಾಗಾರದ ಚಿಮಣಿಗೆ ಹಾಗೆ ಮಾಡಹೊರಟರೆ ಸುಣ್ಣದ ಬೆಟ್ಟಗಳೇ ಬೇಕಾಗುತ್ತವೆ.

ಚಿಮಣಿಗೆಂದು ಈಗ ಬಳಕೆಯಲ್ಲಿರುವುದು ಅಮೀನ್ ಎಂಬ ದ್ರವಗಳು. ಅಮೆರಿಕದಲ್ಲಿ 1930ರಲ್ಲೇ ಇವುಗಳಿಗೆ ಪೇಟೆಂಟ್ ಸಿಕ್ಕಿತ್ತು. ತಣ್ಣಗಿದ್ದಾಗ ಇಂಗಾಲದ ಡೈ ಆಕ್ಸೈಡನ್ನು ಹಿಡಿದು, ಸುಮಾರು 120 ಡಿಗ್ರಿಗೆ ಕಾಯಿಸಿದಾಗ ಬಿಡುತ್ತವೆ. ತೂತುಕುಡಿಯ ಒಂದು ಕ್ಷಾರ ಕಾರ್ಖಾನೆಯಲ್ಲಿ 2016ರಿಂದ ಕಲ್ಲಿದ್ದಲ ಬಾಯ್ಲರಿನ ಹೊಗೆಯಿಂದ ಇಂಥ ದ್ರವದ ಮೂಲಕ ಅನಿಲ ಹಿಡಿದು ಸೋಡಾ ಬೂದಿ ಮಾಡುವ ಏರ್ಪಾಟು ಬಂದಿತು. ಆದರೆ ಈ ದ್ರವಗಳಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ, ಅನಿಲ ಬಿಡಿಸಲು ಅಷ್ಟು ನೀರನ್ನೂ ಕಾಯಿಸಬೇಕು. ಒಂದು ಉಷ್ಣ ವಿದ್ಯುದಾಗಾರದ ಹೊಗೆಯನ್ನೆಲ್ಲ ಹೀಗೆ ತೊಳೆಯಹೊರಟರೆ ಅದು ಮಾಡುವ ವಿದ್ಯುತ್ತಿನಲ್ಲಿ ಕಾಲು ಭಾಗದಷ್ಟು ಅದಕ್ಕೇ ಹೋಗುತ್ತದೆ.

ಚಿನ್ನದವರು ಈ ಪಾಠವನ್ನು ತಮ್ಮದೇ ರೀತಿಯಲ್ಲಿ ಕಲಿತರು. ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ 1973ರಲ್ಲಿ ಸತುವಿನ ಬದಲು ತೆಂಗಿನ ಚಿಪ್ಪಿನಂಥವುಗಳಿಂದ ಮಾಡುವ ಇದ್ದಿಲನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದರು. ಇದ್ದಿಲಿನ ಮೈಯೆಲ್ಲ ಸೂಕ್ಷ್ಮ ತೂತು. ತಣ್ಣನೆಯ ಕೆಸರಿನಲ್ಲಿ ಅದು ಚಿನ್ನವನ್ನು ಹಿಡಿಯುತ್ತದೆ, ಬಿಸಿ ಕ್ಷಾರದ ನೀರಿನಲ್ಲಿ ತೊಳೆದರೆ ಬಿಡುತ್ತದೆ, ಮತ್ತೆ ಕೆಸರಿಗೆ ಹೋಗುತ್ತದೆ. ಬಲವಾಗಿ ಹಿಡಿಯುವ ವಸ್ತುವಿಗಿಂತ ಹಗುರವಾಗಿ ಹಿಡಿದು ಹಗುರವಾಗಿ ಬಿಡುವ ವಸ್ತುವೇ ಇಂಥ ಕೆಲಸಕ್ಕೆ ಬೆಲೆಯುಳ್ಳದ್ದು. ಹೊಸ ಹರಳುಗಳನ್ನು ಹುಡುಕಿ ಹೊರಟವರ ಮುಂದಿದ್ದ ಗುರಿಯೂ ಇದೇ.

ಸಾರುವೆ ಕಟ್ಟಿದವರು

ತೂತಿನ ಹರಳು ನಿಸರ್ಗಕ್ಕೆ ಹೊಸದಲ್ಲ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಎಂಬ ಖನಿಜ ತಜ್ಞ ಒಂದು ಕಲ್ಲನ್ನು ಕಾಯಿಸಿದಾಗ ಅದು ಕುದಿಯುವಂತೆ ಉಗಿ ಬಿಟ್ಟಿತು. ಒಳಗಿನ ತೂತುಗಳಲ್ಲಿ ಸೇರಿಕೊಂಡಿದ್ದ ನೀರು ಅದು. ಅದಕ್ಕೆ ಜಿಯೊಲೈಟ್, ಅಂದರೆ ಕುದಿಯುವ ಕಲ್ಲು, ಎಂದು ಹೆಸರಿಟ್ಟ. ಪುಣೆ, ನಾಸಿಕದ ಸುತ್ತಣ ಕಪ್ಪುಶಿಲೆಯ ಪೊಟರೆಗಳಲ್ಲಿ ಜಿಯೊಲೈಟಿನ ಸೊಗಸಾದ ಹರಳುಗಳು ಸಿಗುತ್ತವೆ. ಅಂತರಿಕ್ಷ ನಿಲ್ದಾಣದಲ್ಲಿ ಯಾತ್ರಿಗಳ ಉಸಿರಿನ ಇಂಗಾಲದ ಡೈ ಆಕ್ಸೈಡನ್ನು ತೆಗೆಯಲು ಕೃತಕ ಜಿಯೊಲೈಟನ್ನೇ ಬಳಸುತ್ತಾರೆ. ಅದರ ದೋಷವೆಂದರೆ ನೀರಿನ ಮೇಲಿನ ವ್ಯಾಮೋಹ. ಹಸಿ ಗಾಳಿ ಬಂದರೆ ಇಂಗಾಲದ ಡೈ ಆಕ್ಸೈಡನ್ನು ಬಿಟ್ಟು ನೀರಾವಿಯನ್ನು ತುಂಬಿಕೊಳ್ಳುತ್ತದೆ. ಚಿಮಣಿಯ ಹೊಗೆಯಲ್ಲಿ ನೀರಾವಿಗೇನೂ ಬರವಿಲ್ಲ.

ರಾಬ್ಸನ್ ಅವರ ಕಥೆ ಶುರುವಾಗುವುದು 1974ರಲ್ಲಿ, ಒಬ್ಬ ಮೇಷ್ಟ್ರ ಕೆಲಸದಿಂದ. ವಿದ್ಯಾರ್ಥಿಗಳಿಗೆ ಅಣುಗಳ ಆಕಾರ ತೋರಿಸಲು ಮರದ ಗುಂಡುಗಳಿಗೆ ಕಡ್ಡಿ ಸಿಕ್ಕಿಸಿ ಮಾದರಿ ಮಾಡಬೇಕಿತ್ತು. ಯಾವ ಗುಂಡಿಗೆ ಎಲ್ಲಿ ತೂತು ಕೊರೆಯಬೇಕೆಂದು ಗುರುತು ಹಾಕಿಕೊಡುವಾಗ ಅವರಿಗೆ ಒಂದು ಹೊಳಹು ಸಿಕ್ಕಿತು. ತೂತಿನ ಜಾಗ ಸರಿಯಾಗಿದ್ದರೆ ಮಾದರಿ ತಾನಾಗಿಯೇ ಸರಿಯಾದ ಆಕಾರಕ್ಕೆ ಬರುತ್ತದೆ. ಹಾಗಿದ್ದರೆ ನಿಜವಾದ ಪರಮಾಣುಗಳನ್ನು ಗಂಟಾಗಿಯೂ ಉದ್ದನೆಯ ಅಣುಗಳನ್ನು ಗಳುವಾಗಿಯೂ ಬಳಸಿ ಸಾರುವೆ ಕಟ್ಟಿದಂತೆ ಹರಳನ್ನು ಕಟ್ಟಬಾರದೇಕೆ? ಹತ್ತು ವರ್ಷ ಅದು ತಲೆಯಲ್ಲೇ ಉಳಿಯಿತು. 1989ರಲ್ಲಿ ಅವರೂ ಸಹೋದ್ಯೋಗಿ ಬರ್ನಾರ್ಡ್ ಹಾಸ್ಕಿನ್ಸ್ ಅವರೂ ತಾಮ್ರವನ್ನು ಗಂಟಾಗಿಸಿ ನಾಲ್ಕು ತೋಳಿನ ಅಣುವನ್ನು ಗಳುವಾಗಿಸಿ ವಜ್ರದ ವಿನ್ಯಾಸದ ಹರಳೊಂದನ್ನು ಬೆಳೆಸಿದರು. ಒಳಗೆಲ್ಲ ದೊಡ್ಡ ದೊಡ್ಡ ಪೊಟರೆ.

ಕೆಜಿಎಫ್‌ನವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ಅಣುವಿನ ನಾಲ್ಕು ತೋಳುಗಳ ತುದಿಯಲ್ಲಿ ತಾಮ್ರವನ್ನು ಹಿಡಿದುಕೊಂಡಿದ್ದುದು ಇಂಗಾಲ–ಸಾರಜನಕದ ಅದೇ ಜೋಡಿ. ಅಣುವಿಗೆ ಬೆಸೆದುಕೊಂಡಿದ್ದರಿಂದ ವಿಷದ ಹಲ್ಲು ಕಿತ್ತದ್ದು ಅಷ್ಟೆ. ಮರುವರ್ಷ, 1990ರಲ್ಲಿ, ಇಬ್ಬರೂ ಸಾಕ್ಷಾತ್ ಸತುವಿನ ಸೈನೈಡನ್ನೇ ತೆಗೆದುಕೊಂಡು ಅದರೊಳಗೂ ಇಂಥದೇ ಸಾರುವೆ ಇದೆಯೆಂದು ವಿವರಿಸಿದರು. ಸತು, ಸೈನೈಡ್ ಎರಡೂ ಕೋಲಾರದ ಗಿರಣಿಗಳು ಪೀಪಾಯಿಗಟ್ಟಲೆ ಬಳಸಿದ ಸರಕು. ಸೈನೈಡ್ ಜೋಡಿಯ ಎರಡು ತುದಿಯೂ ಎರಡು ಲೋಹಗಳನ್ನು ಹಿಡಿಯಬಲ್ಲುದಾದ್ದರಿಂದ ಅದು ಒಳ್ಳೆಯ ಗಳು ಆಗುತ್ತದೆ. ಹದಿನೆಂಟನೇ ಶತಮಾನದಿಂದ ಚಿತ್ರಕಾರರು ಬಳಸುತ್ತ ಬಂದ ಪ್ರಷ್ಯನ್ ನೀಲಿ ಬಣ್ಣದೊಳಗೂ ಕಬ್ಬಿಣ ಮತ್ತು ಸೈನೈಡಿನ ಇಂಥ ಚೌಕಟ್ಟೇ ಇರುವುದು.

ಆದರೆ ಈ ಮೊದಲ ಸಾರುವೆಗಳು ಗಟ್ಟಿಯಾಗಿರಲಿಲ್ಲ. ಒಳಗೆ ತುಂಬಿದ ದ್ರವವನ್ನು ಹೊರತೆಗೆದರೆ ಕುಸಿದು ಬೀಳುತ್ತಿದ್ದವು. ಗಣಿಯವರಿಗೆ ಇದು ಬಹಳ ಚೆನ್ನಾಗಿ ಅರ್ಥವಾಗುವ ಕಷ್ಟ. ಅದಿರು ತೆಗೆದ ಜಾಗ ಬರಿದಾಗಿ ನಿಂತರೆ ಮೇಲಿನ ಬಂಡೆಯ ಭಾರ ಎಲ್ಲಿಗೆ ಹೋಗಬೇಕು? ಮರದ ದಿಮ್ಮಿ, ಗ್ರಾನೈಟ್ ಕಲ್ಲಿನ ಆಸರೆ ಕೊಟ್ಟು ನಿಲ್ಲಿಸಬೇಕು. ಆಸರೆ ಸಾಲದಾದಾಗ ಬಂಡೆ ಸಿಡಿಯುತ್ತದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಂತೆ ಈ ಸಿಡಿತಗಳು ಅದೆಷ್ಟೋ ಜೀವಗಳನ್ನು ತೆಗೆದುಕೊಂಡವು. ಹರಳಿನ ಲೋಕದಲ್ಲಿ ಬರಿದಾದ ಮೇಲೂ ಕುಸಿಯದ ಗ್ಯಾಲರಿಯನ್ನು ಕಟ್ಟಿದವರು ಕಿಟಗಾವಾ. 1997ರಲ್ಲಿ ಅವರ ತಂಡ ಮಾಡಿದ ಹರಳುಗಳೊಳಗೆ ಮೀಥೇನ್, ಸಾರಜನಕ, ಆಮ್ಲಜನಕಗಳು ಹೋಗಿ ಬಂದರೂ ಚೌಕಟ್ಟು ಅಲುಗಲಿಲ್ಲ. ಎರಡು ವರ್ಷದ ನಂತರ ಯಾಘಿ ಸತುವಿನ ಗಂಟು, ಟೆರೆಫ್ತಾಲಿಕ್ ಆಮ್ಲದ ಗಳು ಸೇರಿಸಿ ಮಾಡಿದ ಹರಳು 300 ಡಿಗ್ರಿ ಕಾಯಿಸಿದರೂ ನಿಂತಿತು. ಈ ಆಮ್ಲ ಅಪರೂಪದ್ದೇನಲ್ಲ, ಪಾಲಿಯೆಸ್ಟರ್ ಬಟ್ಟೆಯ ಕಚ್ಚಾ ವಸ್ತು. ಆ ಹರಳಿನ ಒಂದೇ ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಚ್ಚಿ ಹರಡಬಹುದಾದರೆ ಮುಕ್ಕಾಲು ಎಕರೆಯಷ್ಟು ಜಾಗ ಬೇಕು. ಅನಿಲದ ಕಣಗಳು ಬಂದು ಕೂರುವುದು ಈ ಒಳಮೈಯ ಮೇಲೆ. ಆದರೆ ತೇವ ತಾಗಿದರೆ ಆ ಹರಳು ಕ್ರಮೇಣ ಕೆಡುತ್ತಿತ್ತು.

ಜಕ್ಕೂರಿನ ಕೊಂಡಿ

ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಜನ ಬೆಳಗಿನ ಜಾವದ ರೈಲು ಹಿಡಿದು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವುದು ನಿತ್ಯದ ಬದುಕಾಯಿತು. ಅದೇ ಬೆಂಗಳೂರಿನ ಉತ್ತರ ತುದಿಯಲ್ಲಿ, ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಸಿ.ಎನ್.ಆರ್. ರಾವ್ ಅದನ್ನು ಕಟ್ಟಿದ್ದು 1989ರಲ್ಲಿ, ಅಂದರೆ ಮೆಲ್ಬರ್ನ್‌ನಲ್ಲಿ ಮೊದಲ ಸಾರುವೆ ಎದ್ದ ವರ್ಷದಲ್ಲೇ. ತೊಂಬತ್ತರ ದಶಕದ ಕೊನೆಗೆ ರಾವ್ ಅವರ ತಂಡ ಸತು ಮುಂತಾದ ಲೋಹಗಳ ಫಾಸ್ಫೇಟು, ಆಕ್ಸಲೇಟುಗಳಿಂದ ತೆರೆದ ಚೌಕಟ್ಟಿನ ಹರಳುಗಳನ್ನು ಮಾಡುವುದರಲ್ಲಿ ತೊಡಗಿತ್ತು. ಆಕ್ಸಲೇಟ್ ಎಂದರೆ ಬೇರೇನಲ್ಲ, ಕೆಸುವಿನ ಸೊಪ್ಪು ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವಂತೆ ಮಾಡುವ ಹರಳುಗಳ ಮೂಲದ್ರವ್ಯ.

ಆ ತಂಡದಲ್ಲಿ ಪಿಎಚ್.ಡಿ. ಮಾಡಿದ ರಾಮನಾಥನ್ ವೈದ್ಯನಾಥನ್ ಮುಂದೆ ಕೆನಡಾದ ಕ್ಯಾಲ್ಗರಿಗೆ, ಜಾರ್ಜ್ ಶಿಮಿಜು ಅವರ ಪ್ರಯೋಗಾಲಯಕ್ಕೆ ಹೋದರು. ಸತು, ಆಕ್ಸಲೇಟ್, ಟ್ರಯಜೋಲ್ ಎಂಬ ಸಾರಜನಕದ ಉಂಗುರ ಸೇರಿದ ಒಂದು ಹರಳಿನೊಳಗೆ ಇಂಗಾಲದ ಡೈ ಆಕ್ಸೈಡಿನ ಕಣ ಯಾವ ಮೂಲೆಯಲ್ಲಿ, ಹೇಗೆ ಕುಳಿತಿದೆ ಎಂಬುದನ್ನು ಕ್ಷ-ಕಿರಣದಿಂದ ನೇರವಾಗಿ ಕಂಡು 2010ರಲ್ಲಿ ಪ್ರಕಟಿಸಿದರು. ಅದೇ ಮನೆತನದ ಇನ್ನೊಂದು ಹರಳು ಕಾಲ್ಫ್-20. ಅದರ ವಿವರ 2021ರಲ್ಲಿ ಹೊರಬಂದಾಗ, ಪುಣೆಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವೈದ್ಯನಾಥನ್ ಅವರ ಹೆಸರೂ ಲೇಖಕರ ಪಟ್ಟಿಯಲ್ಲಿತ್ತು.

ಕಾಲ್ಫ್-20 ದಾಖಲೆ ಮುರಿಯುವ ಹರಳಲ್ಲ. ಇದಕ್ಕಿಂತ ಹೆಚ್ಚು ಅನಿಲ ಹಿಡಿಯುವ ಹರಳುಗಳು ಹತ್ತಾರಿವೆ. ಆದರೆ ಇದು ಸಾಧಾರಣ ತೇವಕ್ಕೆ ಜಗ್ಗುವುದಿಲ್ಲ, ಇಂಗಾಲದ ಡೈ ಆಕ್ಸೈಡನ್ನು ಹಗುರವಾಗಿ ಹಿಡಿದು ಬರಿಯ ಉಗಿ ಹಾಯಿಸಿದರೆ ಬಿಟ್ಟುಬಿಡುತ್ತದೆ, ಲಕ್ಷಾಂತರ ಸಲ ಹೀಗೆ ಮಾಡಿದರೂ ಸವೆಯುವುದಿಲ್ಲ. ಮಾಡುವ ಸಾಮಾನು ಅಗ್ಗ. ಸಂಶೋಧನಾ ಪತ್ರಿಕೆಗಳಲ್ಲಿ ಮಿಂಚಿದ ಹರಳುಗಳೆಲ್ಲ ಸೀಸೆಯಲ್ಲೇ ಉಳಿದಾಗ ಇದು ಟನ್‌ಗಟ್ಟಲೆ ತಯಾರಾಗಿ ಕೆನಡಾದ ಒಂದು ಸಿಮೆಂಟ್ ಕಾರ್ಖಾನೆಯ ಹೊಗೆಯಲ್ಲಿ ದಿನಕ್ಕೆ ಒಂದು ಟನ್ ಅನಿಲ ಹಿಡಿಯುವ ಪರೀಕ್ಷೆಗೆ ಇಳಿಯಿತು.

ಜಕ್ಕೂರಿಗೂ ನೊಬೆಲಿಗೂ ಇನ್ನೊಂದು ನಂಟಿದೆ. ಅಲ್ಲಿ ಇಂಥ ಹರಳುಗಳ ಮೇಲೆ ದುಡಿಯುತ್ತ ಬಂದಿರುವ ತಪಸ್ ಕುಮಾರ್ ಮಾಜಿ, ಅದಕ್ಕೂ ಮುಂಚೆ ಕ್ಯೋಟೋದಲ್ಲಿ ಕಿಟಗಾವಾ ಅವರ ಬಳಿ ಪಳಗಿದವರು. 2022ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಇಂಗಾಲವನ್ನು ಹಿಡಿದು ಬಳಸುವ ಸಂಶೋಧನೆಗೆಂದು ಎರಡು ರಾಷ್ಟ್ರೀಯ ಕೇಂದ್ರಗಳಿಗೆ ನೆರವು ಕೊಟ್ಟಿತು. ಒಂದು ಮುಂಬಯಿ ಐಐಟಿಯಲ್ಲಿ, ಇನ್ನೊಂದು ಜಕ್ಕೂರಿನಲ್ಲಿ.

ನಲವತ್ತು ಪಟ್ಟು ಸಮೃದ್ಧ ಗಣಿ

ಗಣಿಯ ಲೆಕ್ಕಕ್ಕೆ ಮರಳೋಣ. ಒಂದು ಟನ್ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಸುಮಾರು 640 ಗ್ರಾಂ ಇದೆ. ಕೋಲಾರದ ಕಲ್ಲಿನಲ್ಲಿದ್ದ ಚಿನ್ನದ ಸರಾಸರಿಗಿಂತ ನಲವತ್ತು ಪಟ್ಟು. ಗಾಳಿಯನ್ನು ಗಣಿ ಎಂದು ಭಾವಿಸಿದರೆ ಚಾಂಪಿಯನ್ ರೀಫ್ ಅದರ ಮುಂದೆ ಬಡವ! ಅಗೆಯಬೇಕಿಲ್ಲ, ಕುಟ್ಟಬೇಕಿಲ್ಲ. ಆದರೂ ಅದನ್ನು ಸೋಸಲು ಹೊರಟವರು ಖರ್ಚಿನಲ್ಲಿ ಮುಳುಗುತ್ತಿದ್ದಾರೆ. ಕಾರಣ ಸ್ಪಷ್ಟ. ಒಂದು ಗ್ರಾಂ ಚಿನ್ನಕ್ಕೆ ಸಾವಿರಾರು ರೂಪಾಯಿ ಕೊಡುವವರಿದ್ದಾರೆ; 640 ಗ್ರಾಂ ಇಂಗಾಲದ ಡೈ ಆಕ್ಸೈಡಿಗೆ ಸೋಡಾ ಕಾರ್ಖಾನೆಯವರೂ ಬಿಡಿಗಾಸು ಮಾತ್ರ ಕೊಟ್ಟಾರು. ಚಿನ್ನದಂಥ ಬೆಲೆಯ ವಸ್ತುವೇ ಟನ್ನಿಗೆ ಮೂರು ನಾಲ್ಕು ಗ್ರಾಂಗೆ ಇಳಿದಾಗ, ಮೂರು ಕಿಲೋಮೀಟರ್ ಆಳದ ಸುಡುವ ಬಂಡೆಗೆ ತಂಪು ಗಾಳಿ ಊದಿ ಕೆಲಸ ಮಾಡಿಸುವ ಖರ್ಚು ಗಿಟ್ಟದೆ ಹೋಯಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡು, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಆಗಿ ನಡೆದ ಗಣಿಗಳು 2001ರ ಫೆಬ್ರುವರಿ 28ರಂದು ನಿಂತವು. ಚಿನ್ನ ಮುಗಿದುಹೋಗಿ ನಿಂತದ್ದಲ್ಲ ಎಂಬುದನ್ನು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ.

ಆದ್ದರಿಂದ ಬುದ್ಧಿವಂತರು ಗಾಳಿಗಿಂತ ಮೊದಲು ಚಿಮಣಿಯನ್ನು ನೋಡಬೇಕು. ಕಲ್ಲಿದ್ದಲ ವಿದ್ಯುದಾಗಾರದ ಒಂದು ಟನ್ ಹೊಗೆಯಲ್ಲಿ ಈ ಅನಿಲ 200 ಕಿಲೋದಷ್ಟಿರುತ್ತದೆ. ಗಾಳಿಗಿಂತ ಸುಮಾರು ಮುನ್ನೂರು ಪಟ್ಟು ಸಮೃದ್ಧ ಅದಿರು. ಅದಕ್ಕಿಂತಲೂ ಅಗ್ಗವಾದದ್ದು, ಹೊಗೆಯನ್ನೇ ಹುಟ್ಟಿಸದಿರುವುದು. ಶಿವನಸಮುದ್ರದ ತಂತಿ ಉಳಿಸಿದ ಸೌದೆ, ಕಲ್ಲಿದ್ದಲಿನ ಅನಿಲವನ್ನು ಯಾವ ಹರಳೂ ಹಿಡಿಯಬೇಕಾಗಲಿಲ್ಲ. ಹರಳಿನ ಸಂಶೋಧನೆ ಬೇಡವೆಂದು ಇದರ ಅರ್ಥವಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ಸುಣ್ಣಕಲ್ಲನ್ನು ಸುಟ್ಟಾಗ ಕಲ್ಲಿನಿಂದಲೇ ಈ ಅನಿಲ ಹೊರಡುತ್ತದೆ. ವಿದ್ಯುತ್ತಿನಿಂದ ಸುಟ್ಟರೂ ಅದು ತಪ್ಪದು. ಅಂಥ ಕಡೆ ಹಿಡಿಯುವುದನ್ನು ಬಿಟ್ಟರೆ ಸುಲಭದ ದಾರಿ ಇಲ್ಲ.

ಇನ್ನು, ಸೋಸಿದ ಮೇಲೆ ಉಳಿದದ್ದನ್ನು ಎಲ್ಲಿಡುವುದು ಎಂಬ ಪ್ರಶ್ನೆ. ಕೆಜಿಎಫ್‌ಗೆ ಹೋದವರು ಯಾರೂ ಇದರಿಂದ ತಪ್ಪಿಸಿಕೊಳ್ಳಲಾರರು; ರಾಬರ್ಟ್‌ಸನ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಸೈನೈಡ್ ಗುಡ್ಡಗಳೇ ಎದುರಾಗುತ್ತವೆ. ಸಿನಿಮಾದವರು ಬಂದು ಅವುಗಳ ಮುಂದೆ ಹೊಡೆದಾಟ ಚಿತ್ರಿಸಿಕೊಂಡು ಹೋಗುತ್ತಾರೆ. ಊರವರಿಗೆ ಮಾತ್ರ ಗಾಳಿ ಬೀಸುವ ತಿಂಗಳುಗಳಲ್ಲಿ ಆ ಬೂದು ಪುಡಿ ಮನೆಯೊಳಗಿನ ಪಾತ್ರೆಗೂ ಬಂದು ಕೂರುತ್ತದೆ. ಬೆಣಚುಕಲ್ಲಿನ ಧೂಳು ಏನು ಮಾಡುತ್ತದೆಂಬುದು ಕೋಲಾರಕ್ಕೆ ಬಹಳ ಹಿಂದೆಯೇ ತಿಳಿದ ಸಂಗತಿ. 1940ರ ದಶಕದಲ್ಲಿ ಗಣಿಯ 7,600ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಯ ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಚಿನ್ನದ ಲಾಭ ಲಂಡನ್ನಿಗೆ, ಆಮೇಲೆ ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಪುಡಿ ಊರಿಗೆ ಉಳಿಯಿತು. ಗಣಿಯ ಲೆಕ್ಕಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

ಇಂಗಾಲದ ಕಥೆಯಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದು. ಭಾರತವೊಂದೇ ವರ್ಷಕ್ಕೆ ಸುಮಾರು 300 ಕೋಟಿ ಟನ್ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಕೋಲಾರ ನೂರಿಪ್ಪತ್ತು ವರ್ಷದಲ್ಲಿ ಕುಟ್ಟಿದ ಕಲ್ಲಿನ ಅರವತ್ತು ಪಟ್ಟು, ಪ್ರತಿ ವರ್ಷ! ಸೋಡಾ ಬೂದಿ, ಗೊಬ್ಬರ, ಮೆಥನಾಲ್ ಎಂದು ಎಷ್ಟು ಬಳಸಿದರೂ ಅದು ಚಿಲ್ಲರೆ. ಉಳಿದದ್ದು ನೆಲದಡಿಗೆ ಹೋಗಬೇಕು. ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಈ ಅನಿಲವನ್ನು ನೀರಿನಲ್ಲಿ ಕರಗಿಸಿ ಕಪ್ಪುಶಿಲೆಯೊಳಗೆ ಇಳಿಸಿದಾಗ, ಎರಡು ವರ್ಷದೊಳಗೆ ಹೆಚ್ಚುಕಡಿಮೆ ಎಲ್ಲವೂ ಕಲ್ಲಾಯಿತೆಂದು 2016ರಲ್ಲಿ ವರದಿಯಾಯಿತು. ನಮ್ಮ ಬೆಳಗಾವಿ, ವಿಜಯಪುರದ ಕಡೆಯಿಂದ ಉತ್ತರಕ್ಕೆ ಹಬ್ಬಿರುವ ದಖ್ಖನ್ನಿನ ಕಪ್ಪುಶಿಲೆಯಲ್ಲೂ ಅದು ಸಾಧ್ಯವೇ ಎಂದು ಭೂವಿಜ್ಞಾನಿಗಳು ಪರಿಶೀಲಿಸುತ್ತಿದ್ದಾರೆ.

ಕಲ್ಲು ಈ ಅನಿಲವನ್ನು ಬಹುಕಾಲ ಇಟ್ಟುಕೊಳ್ಳಬಲ್ಲುದು ಎಂಬುದಕ್ಕೆ ಕೋಲಾರದಲ್ಲೇ ಸಾಕ್ಷಿ ಇದೆ. ಚಿನ್ನ ಬೆರೆತ ಬೆಣಚುಕಲ್ಲಿನ ತೆಳು ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಕಾಣುತ್ತವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಆಳದಿಂದ ಚಿನ್ನವನ್ನು ಹೊತ್ತು ತಂದ ಬಿಸಿ ದ್ರವ ಅದು. ಅದರಲ್ಲಿ ನೀರಿನ ಜೊತೆ ಇಂಗಾಲದ ಡೈ ಆಕ್ಸೈಡೂ ಇದೆ. ಗಿರಣಿಗಳು ಆ ಬೆಣಚುಕಲ್ಲನ್ನು ಪುಡಿ ಮಾಡಿದಾಗ ಚಿನ್ನದೊಂದಿಗೆ ಆ ಗುಳ್ಳೆಗಳೂ ಒಡೆದವು. ಆ ಪುಡಿ ಈಗ ಗುಡ್ಡಗಳಲ್ಲಿದೆ: 13 ಗುಡ್ಡ, ಸಾವಿರ ಎಕರೆ, ಸುಮಾರು 3.3 ಕೋಟಿ ಟನ್. ಅದರಲ್ಲಿ ಟನ್ನಿಗೆ ಒಂದು ಗ್ರಾಂಗೂ ಕಡಿಮೆ ಚಿನ್ನ ಇನ್ನೂ ಉಳಿದಿದೆ. ಆ ಗುಡ್ಡಗಳನ್ನು ಮತ್ತೊಮ್ಮೆ ಸೋಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸೋಸಿದ ಮೇಲೂ 3.3 ಕೋಟಿ ಟನ್ ಪುಡಿ 3.3 ಕೋಟಿ ಟನ್ನಾಗಿಯೇ ಉಳಿಯುತ್ತದೆ.